ಡಾ. ಸಿಡ್ನಿ ರಿಂಗರ್ (1835–1910): ಕ್ಯಾಲ್ಸಿಯಂ ಸಂಕೇತದ ಮೊದಲ ಸುಳಿವು ನೀಡಿದ ವೈದ್ಯ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಕೊಳವೆಬಾವಿಯ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುವುದು ಸಾರ್ವಜನಿಕರಿಗೆ ತಿಳಿದ ವಿಷಯವೇ ಆಗಿದೆ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಇದಕ್ಕೆ ಮುಖ್ಯ ಕಾರಣ. ವಾಂತಿಭೇದಿಯಿಂದ ಬಳಲಿದವರಿಗೆ ಆಸ್ಪತ್ರೆಗಳಲ್ಲಿ ರಕ್ತನಾಳದ ಮೂಲಕ ನೀಡಲಾಗುವ ರಿಂಗರ್ ಲ್ಯಾಕ್ಟೇಟ್ ದ್ರಾವಣದಲ್ಲಿಯೂ ಕ್ಯಾಲ್ಸಿಯಂ ಇರುತ್ತದೆ. ಜನರು ಅದನ್ನೂ ಗ್ಲೂಕೋಸ್ ಎಂದೇ ಕರೆಯುವುದು ವಾಡಿಕೆ. ಆ ದ್ರಾವಣಕ್ಕೆ ಹೆಸರು ಬಂದಿರುವುದು ಡಾ. ಸಿಡ್ನಿ ರಿಂಗರ್ ಅವರಿಂದ.

ರಿಂಗರ್ ಅವರು 1835ರಲ್ಲಿ ಇಂಗ್ಲೆಂಡಿನ ನಾರ್ವಿಚ್ ನಗರದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವೈದ್ಯ ಶಿಕ್ಷಣ ಪಡೆದು, ಅಲ್ಲಿಯ ಆಸ್ಪತ್ರೆಯಲ್ಲಿಯೇ ವೃತ್ತಿಜೀವನವನ್ನು ಕಳೆದರು. 1869ರಲ್ಲಿ ಪ್ರಕಟವಾದ ಅವರ ಔಷಧ ಚಿಕಿತ್ಸೆಯ ಕೈಪಿಡಿ ಹಲವು ಮುದ್ರಣಗಳನ್ನು ಕಂಡಿತು. ರೋಗಿಗಳ ತಪಾಸಣೆಯ ನಡುವೆ ದೊರೆತ ಬಿಡುವಿನಲ್ಲಿ ಪ್ರಯೋಗಾಲಯಕ್ಕೆ ಧಾವಿಸುವುದು ಅವರ ದಿನಚರಿಯಾಗಿತ್ತು.

1882ರಲ್ಲಿ ಅವರು ಕಪ್ಪೆಯ ಹೃದಯವನ್ನು ದೇಹದಿಂದ ಬೇರ್ಪಡಿಸಿ ಉಪ್ಪಿನ ದ್ರಾವಣದ ಮೂಲಕ ಬಡಿಯುವಂತೆ ಇರಿಸಿ, ಅದರ ಫಲಿತಾಂಶವನ್ನು ಪ್ರಕಟಿಸಿದರು. ಆದರೆ ಭಟ್ಟಿ ಇಳಿಸಿದ ನೀರಿನಲ್ಲಿ ಉಪ್ಪು ಬೆರೆಸಿ ಪ್ರಯೋಗಿಸಿದಾಗ ಹೃದಯವು ಸುಮಾರು 20 ನಿಮಿಷಗಳಲ್ಲಿ ನಿಂತುಹೋಗುತ್ತಿತ್ತು. ವಿಚಾರಿಸಿ ನೋಡಿದಾಗ, ಹಿಂದಿನ ದ್ರಾವಣವನ್ನು ಲಂಡನ್ನಿನ ನಲ್ಲಿಯ ನೀರಿನಿಂದ ತಯಾರಿಸಲಾಗಿತ್ತು ಎಂಬುದು ತಿಳಿದುಬಂದಿತು. ಸಹಾಯಕನು ಭಟ್ಟಿ ಇಳಿಸುವ ಶ್ರಮ ಅನಗತ್ಯವೆಂದು ಭಾವಿಸಿದ್ದನೆಂದು ನಂತರದ ವಿಜ್ಞಾನಿಗಳು ಹೇಳುತ್ತಾ ಬಂದಿದ್ದಾರೆ. ಆ ನೀರಿನಲ್ಲಿ ಪ್ರತಿ ಲೀಟರಿಗೆ ಸುಮಾರು 38 ಮಿಲಿಗ್ರಾಂ ಕ್ಯಾಲ್ಸಿಯಂ ಇತ್ತು.

ಹೆಸರಾಂತ ವೈದ್ಯರೊಬ್ಬರು ಇದನ್ನು ಸದ್ದಿಲ್ಲದೆ ಮುಚ್ಚಿಡಬಹುದಾಗಿತ್ತು. ರಿಂಗರ್ ಅವರು 1883ರ ಪ್ರಬಂಧದಲ್ಲಿ, ಹಿಂದಿನ ಪ್ರಯೋಗದಲ್ಲಿ ಬಳಸಿದ್ದು ನಲ್ಲಿಯ ನೀರೆಂಬುದನ್ನು ತಾವೇ ತಿಳಿಸಿ, ತಮ್ಮ ಮೊದಲ ತೀರ್ಮಾನವನ್ನು ತಿದ್ದಿದರು. ಹೃದಯ ಸಂಕುಚಿಸಲು ಕ್ಯಾಲ್ಸಿಯಂ ಅತ್ಯಗತ್ಯವೆಂದೂ, ಅದು ಪೊಟ್ಯಾಸಿಯಂನೊಡನೆ ಸಮತೋಲದಲ್ಲಿರಬೇಕೆಂದೂ ತೋರಿಸಿದರು. ಮೂಳೆ ಹಲ್ಲುಗಳಿಗೆ ಮಾತ್ರ ಬೇಕಾದದ್ದೆಂದು ಪರಿಗಣಿಸಲಾಗಿದ್ದ ಸುಣ್ಣದ ಅಂಶವು ಜೀವಕೋಶಕ್ಕೆ ಆಜ್ಞೆ ತಲುಪಿಸುತ್ತದೆ ಎಂಬುದರ ಮೊದಲ ಸುಳಿವು ಇದೇ.

ಈ ಸುಳಿವು ಪೂರ್ಣವಾಗಿ ಅರ್ಥವಾಗಲು ಹಲವು ದಶಕಗಳೇ ಬೇಕಾದವು. ಜೀವಕೋಶದ ಒಳಗಿನ ದ್ರವದಲ್ಲಿ ಮುಕ್ತ ಕ್ಯಾಲ್ಸಿಯಂ ಹೊರಗಿನದರ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಇರುತ್ತದೆ. ಸಂಕೇತ ಬಂದಾಗ ಆ ಪ್ರಮಾಣ ಏರಿ, ಕ್ಯಾಲ್ಮೊಡ್ಯುಲಿನ್ ಎಂಬ ಪ್ರೋಟೀನಿಗೆ ಕ್ಯಾಲ್ಸಿಯಂ ಅಂಟಿಕೊಳ್ಳುತ್ತದೆ. ಪ್ರೋಟೀನಿನ ಆಕಾರ ಬದಲಾಗಿ ಅದು ಇತರ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಜೀವಕೋಶ ವಿಭಜಿಸಬೇಕೆ, ಚಲಿಸಬೇಕೆ, ಸಾಯಬೇಕೆ ಎಂಬುದರಲ್ಲಿ ಈ ಸಂಕೇತಗಳ ಪಾತ್ರವಿದೆ. ಹಲವು ಬಗೆಯ ಕ್ಯಾನ್ಸರ್‌ಗಳಲ್ಲಿ ಈ ವ್ಯವಸ್ಥೆ ದಾರಿ ತಪ್ಪಿರುವುದು ಕಂಡುಬಂದಿದೆ. ಉದಾಹರಣೆಗೆ, ಎಸ್‌100ಎ4 ಎಂಬ ಕ್ಯಾಲ್ಸಿಯಂ ಅವಲಂಬಿತ ಪ್ರೋಟೀನ್ ಅಧಿಕವಾದ ಗಡ್ಡೆಗಳು ದೇಹದ ಇತರ ಭಾಗಗಳಿಗೆ ಹರಡುವ ಸಂಭವ ಹೆಚ್ಚು. ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಕ್ಯಾಡ್ಹೆರಿನ್ ಪ್ರೋಟೀನಿಗೂ ಕ್ಯಾಲ್ಸಿಯಂ ಬೇಕು. ಅದು ಕ್ಷೀಣಿಸಿದಾಗ ಕ್ಯಾನ್ಸರ್ ಕೋಶಗಳು ಕಳಚಿಕೊಳ್ಳಲು ಅನುಕೂಲವಾಗುತ್ತದೆ.

ಗಡಸು ನೀರಿನ ಕ್ಯಾಲ್ಸಿಯಂನಿಂದ ಕ್ಯಾನ್ಸರ್ ಉಂಟಾಗುತ್ತದೆ ಎಂದು ಇದರಿಂದ ಭಾವಿಸತಕ್ಕದ್ದಲ್ಲ. ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ದೇಹವೇ ನಿಯಂತ್ರಿಸುತ್ತದೆ. ದೋಷವಿರುವುದು ಕೋಶದೊಳಗಿನ ಸಂಕೇತ ವ್ಯವಸ್ಥೆಯಲ್ಲಿ. ಪಾವಗಡ ಭಾಗದ ನೀರಿನಲ್ಲಿನ ಫ್ಲೋರೈಡ್ ಸಮಸ್ಯೆಯೂ ಬೇರೆಯೇ ವಿಷಯ. ಆದರೆ ಮೂಳೆಗೆ ಹರಡಿದ ಕ್ಯಾನ್ಸರ್ ಮುಂತಾದ ಕೆಲವು ಸಂದರ್ಭಗಳಲ್ಲಿ ರಕ್ತದ ಕ್ಯಾಲ್ಸಿಯಂ ಏರಿ ಅತಿಯಾದ ಬಾಯಾರಿಕೆ, ಮಲಬದ್ಧತೆ, ಮಂಪರು ಕಾಣಿಸಬಹುದು. ಕ್ಯಾನ್ಸರ್ ರೋಗಿಗಳಲ್ಲಿ ಇವು ಕಂಡುಬಂದಲ್ಲಿ ತಡಮಾಡದೆ ವೈದ್ಯರಿಗೆ ತಿಳಿಸುವುದು.

ರಿಂಗರ್ ಅವರು 1885ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ಅವರ ದ್ರಾವಣಕ್ಕೆ ಲ್ಯಾಕ್ಟೇಟ್ ಸೇರಿದ್ದು 1930ರ ದಶಕದಲ್ಲಿ, ಅಮೆರಿಕದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್ ಅವರಿಂದ. ಎಳೆಯ ವಯಸ್ಸಿನಲ್ಲಿ ತೀರಿಕೊಂಡ ಮಗಳ ನೆನಪಿಗಾಗಿ ಯಾರ್ಕ್‌ಷೈರ್‌ನ ಲಾಸ್ಟಿಂಗ್‌ಹ್ಯಾಮ್ ಗ್ರಾಮದ ಹಳೆಯ ಚರ್ಚಿನ ಜೀರ್ಣೋದ್ಧಾರವನ್ನು ಅವರು ತಮ್ಮ ವೆಚ್ಚದಲ್ಲಿ ಮಾಡಿಸಿದ್ದರು. ನಿವೃತ್ತಿಯ ನಂತರ ಅದೇ ಗ್ರಾಮದಲ್ಲಿ ನೆಲೆಸಿ, 1910ರ ಅಕ್ಟೋಬರ್ 14ರಂದು ನಿಧನರಾದರು.