ಸುಟ್ಟವನೇ ಬರೆದಿಟ್ಟ ಚರಿತ್ರೆ: ಡಿಯೆಗೊ ದೆ ಲಾಂಡಾ

ಗಡಿನಾಡಿನ ಹಳೆಯ ಸಂಗತಿಗಳನ್ನು ಅರಸುವ ನಾವು ಬ್ರಿಟಿಷ್ ಅಧಿಕಾರಿಗಳ ಹಾಗೂ ಪಾದ್ರಿಗಳ ಬರಹಗಳನ್ನು ಆಶ್ರಯಿಸುವುದುಂಟು. ಹೊರಗಿನಿಂದ ಬಂದವರ ಮಾತನ್ನು ಎಷ್ಟು ನಂಬಬೇಕೆಂಬ ಪ್ರಶ್ನೆ ಆಗೆಲ್ಲ ಎದುರಾಗುತ್ತದೆ. ಈ ಪ್ರಶ್ನೆಯನ್ನು ಅತ್ಯಂತ ಕಠೋರವಾಗಿ ಮುಂದಿಡುವ ಬದುಕೊಂದು ದೂರದ ಮೆಕ್ಸಿಕೋದಲ್ಲಿ ಕಳೆಯಿತು.

ಡಿಯೆಗೊ ದೆ ಲಾಂಡಾ 1524ರಲ್ಲಿ ಸ್ಪೇನಿನಲ್ಲಿ ಜನಿಸಿದನು. ಫ್ರಾನ್ಸಿಸ್ಕನ್ ಸಂನ್ಯಾಸಿಯಾಗಿ 1549ರಲ್ಲಿ, ಸ್ಪೇನ್ ಆಗಷ್ಟೇ ಗೆದ್ದಿದ್ದ ಯುಕಟಾನಿಗೆ ಬಂದನು. ಅಲ್ಲಿಯ ಮೂಲನಿವಾಸಿಗಳಾದ ಮಾಯಾ ಜನರ ಭಾಷೆ ಕಲಿತನು, ಹಳ್ಳಿಹಳ್ಳಿ ತಿರುಗಿದನು. ಮಾಯಾ ಪ್ರಮುಖನೊಬ್ಬನು ತನ್ನ ಅಜ್ಜನ ಪುಸ್ತಕವನ್ನೇ ತೋರಿಸುವಷ್ಟು ವಿಶ್ವಾಸ ಗಳಿಸಿದನು. ಮರದ ತೊಗಟೆಯ ಹಾಳೆಗೆ ಸುಣ್ಣ ಬಳಿದು, ನಮ್ಮ ಹಿಂದಿನ ಕಡತಗಳಂತೆ ಮಡಿಕೆ ಮಡಿಕೆಯಾಗಿ ಮಡಿಸಿದ ಪುಸ್ತಕಗಳವು.

1562ರಲ್ಲಿ ಮಾನಿ ಎಂಬ ಊರಿನ ಬಳಿ ಗುಹೆಯೊಂದರಲ್ಲಿ ವಿಗ್ರಹಗಳೂ ತಲೆಬುರುಡೆಗಳೂ ಸಿಕ್ಕವು. ಮತಾಂತರಗೊಂಡವರು ಗುಟ್ಟಾಗಿ ಹಳೆಯ ದೇವರನ್ನು ಪೂಜಿಸುತ್ತಿರುವರೆಂದು ಲಾಂಡಾ ವಿಚಾರಣೆ ಆರಂಭಿಸಿದನು. 4,500ಕ್ಕೂ ಹೆಚ್ಚು ಜನರು ಚಿತ್ರಹಿಂಸೆಗೆ ಗುರಿಯಾದರು. 158 ಮಂದಿ ಸತ್ತರೆಂದು ಅನಂತರದ ತನಿಖೆ ಕಂಡುಕೊಂಡಿತು. ಜುಲೈ 12ರಂದು ವಿಗ್ರಹಗಳೊಡನೆ ಪುಸ್ತಕಗಳನ್ನೂ ಬೆಂಕಿಗೆ ಹಾಕಲಾಯಿತು. ಅವು ಸುಟ್ಟುಹೋದದ್ದಕ್ಕೆ ಜನರು ಬಹಳವಾಗಿ ನೊಂದರೆಂಬುದನ್ನು ನಮಗೆ ತಿಳಿಸುವವನು ಲಾಂಡಾನೇ. ಇಂದು ಉಳಿದಿರುವ ಮಾಯಾ ಪುಸ್ತಕಗಳು ನಾಲ್ಕೇ ನಾಲ್ಕು.

ಅದೇ ಆಗಸ್ಟಿನಲ್ಲಿ ಬಂದ ಬಿಷಪ್ ತೊರಾಲ್ ಈ ವಿಚಾರಣೆಯನ್ನು ನಿಲ್ಲಿಸಿದನು. ಅಧಿಕಾರ ಮೀರಿದ ಆರೋಪ ಹೊತ್ತು ಲಾಂಡಾ ಸ್ಪೇನಿಗೆ ಮರಳಿದನು. ಅಲ್ಲಿ 1566ರ ಸುಮಾರಿಗೆ ಯುಕಟಾನಿನ ವೃತ್ತಾಂತವನ್ನು ಬರೆದನು. ಅಂದರೆ, ಅದು ಆರೋಪಿಯೊಬ್ಬನ ಬರಹ. ನರಬಲಿಯ ಕುರಿತು ಆತ ಹೇಳುವುದನ್ನು ಓದುವಾಗ, ಚಿತ್ರಹಿಂಸೆಯಿಂದ ಹೊರಡಿಸಿದ ಹೇಳಿಕೆಗಳನ್ನು ನಾವು ಮರೆಯುವಂತಿಲ್ಲ. ಆದರೆ ಮನೆ ಕಟ್ಟುವ ರೀತಿ, ಜೇನುಸಾಕಣೆ, ಇಪ್ಪತ್ತು ದಿನಗಳ ಹದಿನೆಂಟು ತಿಂಗಳು ಹಾಗೂ ಐದು ದಿನಗಳ ವರ್ಷ, ಇವುಗಳ ವಿಚಾರದಲ್ಲಿ ಸುಳ್ಳು ಹೇಳಿ ಆತನಿಗೆ ಆಗಬೇಕಾದ ಲಾಭವೇನಿತ್ತು?

1569ರಲ್ಲಿ ದೋಷಮುಕ್ತನಾದ ಲಾಂಡಾ, 1573ರಲ್ಲಿ ಯುಕಟಾನಿಗೆ ಬಿಷಪ್ಪನಾಗಿಯೇ ಹಿಂದಿರುಗಿ 1579ರಲ್ಲಿ ತೀರಿಕೊಂಡನು. ವೃತ್ತಾಂತದ ಮೂಲಪ್ರತಿ ಕಳೆದುಹೋಗಿದೆ. ಮ್ಯಾಡ್ರಿಡ್‌ನಲ್ಲಿ ದೊರೆತು 1864ರಲ್ಲಿ ಅಚ್ಚಾದದ್ದು, ಬೇರೆಯವರು ಮಾಡಿಕೊಂಡ ಸಂಕ್ಷಿಪ್ತ ಪ್ರತಿ. ಬೇರೆ ಬೇರೆ ಬರಹಗಳು ಅದರಲ್ಲಿ ಸೇರಿಕೊಂಡಿವೆ ಎನ್ನುವ ವಿದ್ವಾಂಸರೂ ಇದ್ದಾರೆ.

ಅದರಲ್ಲಿ ಮಾಯಾ ಅಕ್ಷರಮಾಲೆ ಎಂಬ ಪಟ್ಟಿಯೊಂದಿದೆ. ಲಾಂಡಾ ಸ್ಪಾನಿಷ್ ಅಕ್ಷರಗಳ ಹೆಸರು ಹೇಳಿ ಮಾಯಾ ಬರಹಗಾರನಿಂದ ಅವನ್ನು ಬರೆಯಿಸಿದನು. 'ಬೆ' ಎಂದು ಕೇಳಿಸಿಕೊಂಡವನು 'ಬೆ' ಎಂಬ ಉಚ್ಚಾರದ ಸಂಕೇತವನ್ನೇ ಬರೆದನು. ಬಹುಕಾಲ ವಿದ್ವಾಂಸರು ಇದನ್ನು ನಿರುಪಯೋಗಿ ಎಂದು ತಳ್ಳಿಹಾಕಿದರು. ವ್ಯಂಜನ, ಸ್ವರಗಳು ಕೂಡಿದ ಸಂಕೇತಗಳು ಇವೆಂದು 1952ರಲ್ಲಿ ಸೋವಿಯತ್ ವಿದ್ವಾಂಸ ಯೂರಿ ಕ್ನೊರೊಜೋವ್ ತೋರಿಸಿದನು. (ಕಾಗುಣಿತ ಕಲಿತ ನಮ್ಮ ಮಕ್ಕಳಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು.) ಮೌನವಾಗಿದ್ದ ಮಾಯಾ ಶಾಸನಗಳನ್ನು ಓದುವ ದಾರಿ, ಪುಸ್ತಕ ಸುಟ್ಟವನ ಪುಟದಿಂದಲೇ ತೆರೆಯಿತು.

ಆ ಪಟ್ಟಿಯ ಜೊತೆಗಿರುವ ಉದಾಹರಣೆಗಳಲ್ಲಿ ಒಂದು ಪುಟ್ಟ ಮಾಯಾ ವಾಕ್ಯವೂ ಇದೆ. ತನಗೆ ಇಷ್ಟವಿಲ್ಲ ಎಂಬುದು ಅದರ ಅರ್ಥ. ಬರೆದುಕೊಟ್ಟವನ ಹೆಸರು ಅಲ್ಲಿಲ್ಲ.