ಬ್ರಾಮ್ಸ್ ಮತ್ತು ಒಂದು ಕ್ಲಾರಿಯೊನೆಟ್

ನಮ್ಮ ಕಡೆಯ ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೊನೆಟ್ ಕೇಳದವರು ಕಡಿಮೆ. ಕಪ್ಪು ಕೊಳವೆ, ಮೈತುಂಬ ಹೊಳೆಯುವ ಕೀಲಿಗಳು, ಬಾಯಿಗಿಡುವ ಕಡೆ ಒಂದೇ ರೀಡು. ಈ ವಾದ್ಯ ಜರ್ಮನಿಯ ಒಬ್ಬ ದೊಡ್ಡ ಸಂಗೀತಗಾರರ ಕೊನೆಯ ವರ್ಷಗಳನ್ನೇ ಬದಲಿಸಿತು ಎಂಬುದು ನನಗೆ ತಿಳಿದದ್ದು ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ, ರಾತ್ರಿ ಪಾಳಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಾಗ. ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ಮೇಷ್ಟ್ರು ಕೇಳಿದಾಗ ಅವರೇ ನೆನಪಾದರು.

ಯೊಹಾನೆಸ್ ಬ್ರಾಮ್ಸ್ ಹುಟ್ಟಿದ್ದು 1833ರ ಮೇ 7ರಂದು, ಹ್ಯಾಂಬರ್ಗಿನಲ್ಲಿ. ತಂದೆ ಡಬಲ್ ಬಾಸ್ ನುಡಿಸಿ ಸಂಸಾರ ಸಾಗಿಸುತ್ತಿದ್ದರು. ತಾಯಿ ಹೊಲಿಗೆ ಕೆಲಸದವರು, ಗಂಡನಿಗಿಂತ 17 ವರ್ಷ ದೊಡ್ಡವರು. ಇಪ್ಪತ್ತರ ವಯಸ್ಸಿನಲ್ಲಿ ಬ್ರಾಮ್ಸ್ ಡ್ಯೂಸೆಲ್ಡಾರ್ಫಿನಲ್ಲಿದ್ದ ರಾಬರ್ಟ್ ಶೂಮನ್ ಅವರ ಮನೆಗೆ ಹೋಗಿ ಪಿಯಾನೊ ನುಡಿಸಿದರು. ಶೂಮನ್ ಪತ್ರಿಕೆಯಲ್ಲಿ ಬರೆದು ಎಷ್ಟು ಹೊಗಳಿದರೆಂದರೆ, ಆ ಹೊಗಳಿಕೆಯೇ ಹುಡುಗನಿಗೆ ಹೊರೆಯಾಯಿತು. ಒಪ್ಪಿಗೆಯಾಗದ ರಚನೆಗಳನ್ನೆಲ್ಲ ನಾಶಮಾಡುತ್ತ ಹೋದರು. (ನಾವು ಬರೆದ ಹತ್ತು ಸಾಲು ಕೋಡ್ ಅಳಿಸಲು ನಮಗೇ ಎಷ್ಟು ಸಂಕಟ!) ಮೊದಲ ಸಿಂಫನಿ ಹೊರಬಂದದ್ದು 1876ರಲ್ಲಿ, ಅವರಿಗೆ 43 ಆದಾಗ. ಶೂಮನ್ 1856ರಲ್ಲೇ ತೀರಿಕೊಂಡಿದ್ದರು. ಅವರ ಪತ್ನಿ, ಪ್ರಸಿದ್ಧ ಪಿಯಾನೊ ವಾದಕಿ ಕ್ಲಾರಾ ಜೊತೆಗಿನ ಸ್ನೇಹ ಕೊನೆಯವರೆಗೂ ಉಳಿಯಿತು. ಬ್ರಾಮ್ಸ್ ಮದುವೆಯಾಗಲಿಲ್ಲ.

ಹೆಸರು, ಹಣ ಎಲ್ಲವೂ ಬಂದ ಮೇಲೆ, 1890ರಲ್ಲಿ, ಇನ್ನು ಬರೆಯುವುದು ಸಾಕೆಂದು ತೀರ್ಮಾನಿಸಿದರು. ಆಗ 57 ವರ್ಷ. ನಮ್ಮಲ್ಲಿ ನಿವೃತ್ತಿಯ ಕಾಗದ ಕೈಗೆ ಬರುವ ಹೊತ್ತು. ಮರುವರ್ಷ ಉಯಿಲನ್ನೂ ಬರೆದಿಟ್ಟರು.

ಆದರೆ ಆ ಉಯಿಲಿಗೆ ಸ್ವಲ್ಪ ಮುಂಚೆ, 1891ರ ಮಾರ್ಚ್‌ನಲ್ಲಿ, ಮೈನಿಂಗೆನ್ ಎಂಬ ಸಣ್ಣ ಸಂಸ್ಥಾನದ ಆಸ್ಥಾನ ವಾದ್ಯವೃಂದದಲ್ಲಿ ರಿಚರ್ಡ್ ಮ್ಯೂಲ್‌ಫೆಲ್ಡ್ ಎಂಬುವರ ಕ್ಲಾರಿಯೊನೆಟ್ ಕೇಳಿದ್ದರು. ಮ್ಯೂಲ್‌ಫೆಲ್ಡ್ ಆ ವೃಂದಕ್ಕೆ ಸೇರಿದ್ದು ಪಿಟೀಲು ನುಡಿಸುವವರಾಗಿ. ಕ್ಲಾರಿಯೊನೆಟ್ಟನ್ನು ತಾವೇ ಕಲಿತು ಮುಖ್ಯ ವಾದಕರಾದವರು. ಆ ನಾದ ಬ್ರಾಮ್ಸ್‌ರನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಉಯಿಲು ಬರೆದ ಅದೇ ಬೇಸಿಗೆಯಲ್ಲಿ, ಆಸ್ಟ್ರಿಯಾದ ಇಶ್ಲ್ ಎಂಬ ಊರಿನಲ್ಲಿ ಕೂತು, ಕ್ಲಾರಿಯೊನೆಟ್ ಇರುವ ಒಂದು ಟ್ರಿಯೊ, ಒಂದು ಕ್ವಿಂಟೆಟ್ ಬರೆದರು. 1894ರಲ್ಲಿ ಅಲ್ಲೇ ಕ್ಲಾರಿಯೊನೆಟ್ ಮತ್ತು ಪಿಯಾನೊಗಾಗಿ ಎರಡು ಸೊನಾಟಾ ಬರೆದರು.

ನನಗೆ ಪ್ರಿಯವಾದದ್ದು ಮೊದಲನೆಯದು. ಪಿಯಾನೊ ಒಂದು ಗಂಭೀರ ಸಾಲು ನುಡಿಸುತ್ತದೆ, ಅದು ಮುಗಿಯುವಷ್ಟರಲ್ಲಿ ಕ್ಲಾರಿಯೊನೆಟ್ ಬರುತ್ತದೆ. ಇಲ್ಲಿ ಪಿಯಾನೊ ಪಕ್ಕವಾದ್ಯವಲ್ಲ. ಒಮ್ಮೆ ಇದು ಹೇಳುತ್ತದೆ, ಅದು ಕೇಳುತ್ತದೆ, ಮತ್ತೊಮ್ಮೆ ಅದಲುಬದಲು. ಕ್ಲಾರಿಯೊನೆಟ್ಟಿನ ಮೇಲಿನ ಸ್ಥಾಯಿ ಬ್ಯಾಂಡಿನಲ್ಲಿ ನಮಗೆ ಗೊತ್ತು. ಅದರ ಕೆಳಸ್ಥಾಯಿಯಲ್ಲಿ, ವಯಸ್ಸಾದವರು ಜಗುಲಿಯಲ್ಲಿ ಕೂತು ಮೆಲ್ಲಗೆ ಮಾತಾಡಿದಂಥ ದನಿಯಿದೆ ಎಂಬುದು ನನಗೆ ಗೊತ್ತಾದದ್ದು ಇಲ್ಲಿ. ಕೊನೆಯ ಭಾಗಕ್ಕೆ ಬಂದಾಗ ಮಾತ್ರ ಗಂಟೆ ಬಾರಿಸಿದ ಹಾಗೆ ಒಂದೇ ಸ್ವರ ಮೂರು ಸಲ ಮೊಳಗಿ, ಎಲ್ಲ ಲವಲವಿಕೆಯಾಗುತ್ತದೆ. ಮುದುಕರ ಸಂಗೀತ ಎನ್ನುವವರಿದ್ದಾರೆ; ಅವರು ಇಷ್ಟು ದೂರ ಕೇಳಿಲ್ಲವೆಂದೇ ನನ್ನ ಅನುಮಾನ.

ಆ ವರ್ಷದ ನವೆಂಬರಿನಲ್ಲಿ ಬ್ರಾಮ್ಸ್, ಮ್ಯೂಲ್‌ಫೆಲ್ಡ್ ಇಬ್ಬರೂ ಫ್ರಾಂಕ್‌ಫರ್ಟಿಗೆ ಹೋಗಿ ಕ್ಲಾರಾ ಎದುರು ಈ ಸೊನಾಟಾಗಳನ್ನು ನುಡಿಸಿದರು. ಕ್ಲಾರಾಗೆ ಆಗ 75, ಕಿವಿ ಮಂದವಾಗಿತ್ತು. 1895ರ ಜನವರಿಯಲ್ಲಿ ವಿಯೆನ್ನಾದ ಸಭಿಕರು ಕೇಳಿದರು. 1896ರ ಮೇ ತಿಂಗಳಲ್ಲಿ ಕ್ಲಾರಾ ತೀರಿಕೊಂಡಾಗ, ಬ್ರಾಮ್ಸ್ ರೈಲಿನಲ್ಲಿ ಅಲೆದಾಡಿ, ಬಾನ್ ನಗರದಲ್ಲಿ ಮಣ್ಣು ಮಾಡುವ ಹೊತ್ತಿಗೆ ಹೇಗೋ ಹೋಗಿ ಮುಟ್ಟಿದರು. ಅಷ್ಟರಲ್ಲಿ ಅವರ ದೇಹವೂ ಸೋಲುತ್ತಿತ್ತು. 1897ರ ಏಪ್ರಿಲ್ 3ರಂದು ವಿಯೆನ್ನಾದಲ್ಲಿ ಕಣ್ಣುಮುಚ್ಚಿದರು. ಮ್ಯೂಲ್‌ಫೆಲ್ಡ್ ಇನ್ನೂ ಹತ್ತು ವರ್ಷ ಬದುಕಿದ್ದರು.