ನ್ಯೂಗೇಟ್ ಸೆರೆಯವರ ಸ್ನೇಹಿತೆ

ಅಪರಾಧವು ರುಜುವಾತಾಗಿ ಶಿಕ್ಷೆಯನ್ನು ಹೊಂದಿದವರ ಸಂಗಡ ಸ್ನೇಹವನ್ನಿಟ್ಟುಕೊಳ್ಳಬಹುದೋ ಎಂಬ ಪ್ರಶ್ನೆಯು ಯಾವ ಊರಲ್ಲಿಯೂ ಒಮ್ಮೆಯಾದರೂ ಏಳದೆ ಇರದು. ಇದಕ್ಕೆ ತನ್ನ ನಡತೆಯಿಂದಲೇ ಉತ್ತರ ಕೊಟ್ಟ ಎಲಿಜಬೆತ್ ಫ್ರೈ ಎಂಬಾಕೆಯ ಚರಿತ್ರೆಯನ್ನು ನಮ್ಮ ಪ್ರಿಯ ವಾಚಕರ ಮುಂದಿಡುತ್ತೇವೆ.

ಈಕೆಯು 1780ನೆಯ ಇಸವಿ ಮೇ 21ನೆಯ ತಾರೀಖಿನಲ್ಲಿ ಇಂಗ್ಲೆಂಡಿನ ನಾರ್ವಿಚ್ ಪಟ್ಟಣದಲ್ಲಿ ಹುಟ್ಟಿದಳು. ತಂದೆಯಾದ ಜಾನ್ ಗರ್ನಿಯು ಧನವಂತನು. ಕುಟುಂಬದವರು ಕ್ವೇಕರ್ ಎಂಬ ಪಂಗಡಕ್ಕೆ ಸೇರಿದವರು. ಈ ಪಂಗಡದವರು ತಮ್ಮನ್ನು ಸ್ನೇಹಿತರೆಂದೇ ಕರೆದುಕೊಳ್ಳುವರು. ಹನ್ನೆರಡನೆಯ ವಯಸ್ಸಿನಲ್ಲಿ ತಾಯಿಯನ್ನು ಕಳಕೊಂಡಳು. 1800ರಲ್ಲಿ ಜೋಸೆಫ್ ಫ್ರೈ ಎಂಬವನನ್ನು ಮದುವೆಯಾಗಿ ಲಂಡನಿಗೆ ಬಂದು, ಕಾಲಕ್ರಮದಲ್ಲಿ ಹನ್ನೊಂದು ಮಕ್ಕಳ ತಾಯಿಯಾದಳು. ಇಷ್ಟು ಮಕ್ಕಳಿರುವವಳಿಗೆ ಹೊರಗಿನ ಕೆಲಸವೇತಕ್ಕೆಂದು ನಮ್ಮ ತಾಯಂದಿರು ಕೇಳಿಯಾರು; ಆ ಕಾಲದವರೂ ಹಾಗೆ ಕೇಳದೆ ಬಿಡಲಿಲ್ಲ.

1813ರಲ್ಲಿ ಆಕೆಯು ಮೊದಲ ಸಾರಿ ಲಂಡನಿನ ನ್ಯೂಗೇಟ್ ಸೆರೆಮನೆಯನ್ನು ಹೊಕ್ಕಳು. ಸುಮಾರು ಮುನ್ನೂರು ಮಂದಿ ಹೆಂಗಸರು ತಮ್ಮ ಕೂಸುಗಳೊಡನೆ ಅಲ್ಲಿ ಕಿಕ್ಕಿರಿದಿದ್ದರು. ಇದ್ದ ಸ್ಥಳದಲ್ಲಿಯೇ ಅಡಿಗೆ, ಅಲ್ಲಿಯೇ ಒಗೆತ, ಅಲ್ಲಿಯೇ ನಿದ್ರೆ. ಕಾವಲುಗಾರರು ಸಹ ಒಳಗೆ ಹೋಗಲು ಅಂಜುತ್ತಿದ್ದರು. 1817ರಲ್ಲಿ ಆಕೆಯು ಕೆಲವು ಸ್ತ್ರೀಯರನ್ನು ಕೂಡಿಸಿ ಒಂದು ಸಂಘವನ್ನು ಸ್ಥಾಪಿಸಿ, ಸೆರೆಯಲ್ಲಿ ಮಕ್ಕಳಿಗಾಗಿ ಪಾಠಶಾಲೆಯನ್ನೂ ಹೆಂಗಸರಿಗೆ ಹೊಲಿಗೆಯ ಕೆಲಸವನ್ನೂ ಏರ್ಪಡಿಸಿದಳು. ಉಪಾಧ್ಯಾಯಿನಿಯಾಗಿ ಸೆರೆಯವರೇ ಆರಿಸಿಕೊಂಡವಳು, ಗಡಿಯಾರ ಕದ್ದು ಸಿಕ್ಕಿಬಿದ್ದಿದ್ದ ಮೇರಿ ಕಾನರ್ ಎಂಬವಳು. ಕಟ್ಟಳೆಗಳನ್ನು ಸಹ ಒಂದೊಂದಾಗಿ ಓದಿ, ಸೆರೆಯವರು ಕೈಯೆತ್ತಿ ಒಪ್ಪಿದ ಮೇಲೆಯೇ ನಡಿಸಿದರು. ಇದು ನಮಗೆ ಬಹು ದೊಡ್ಡ ಸಂಗತಿಯಾಗಿ ತೋರುತ್ತದೆ.

ಆದರೆ ಕಠಿಣವಾದ ಪರೀಕ್ಷೆಯು 1818ರಲ್ಲಿ ಬಂತು. ಹ್ಯಾರಿಯಟ್ ಸ್ಕೆಲ್ಟನ್ ಎಂಬವಳು ಗಂಡನ ಮಾತಿಗೆ ಕಟ್ಟುಬಿದ್ದು ಖೋಟಾ ನೋಟುಗಳನ್ನು ಚಲಾಯಿಸಿದ್ದಳು. ಆಗಿನ ಕಾನೂನಿನ ಪ್ರಕಾರ ಅದಕ್ಕೆ ಗಲ್ಲೇ ಶಿಕ್ಷೆ. ಅವಳು ನಿರಪರಾಧಿಯೆಂದು ಎಲಿಜಬೆತಳು ವಾದಿಸಲಿಲ್ಲ. ತಪ್ಪು ಅಲ್ಪವೆಂದು ಸಹ ಹೇಳಲಿಲ್ಲ. ತೀರ್ಪಾಯಿತೆಂದು ಅವಳನ್ನು ಕೈಬಿಡುವುದು ಮಾತ್ರ ಆಕೆಯಿಂದಾಗಲಿಲ್ಲ. ಅವಳ ಬಳಿಗೆ ಹೋಗಿ ಬಂದಳು, ಪ್ರಾಣಭಿಕ್ಷೆಗಾಗಿ ದೊಡ್ಡವರ ಬಾಗಿಲುಗಳನ್ನು ತಟ್ಟಿದಳು. ಗೃಹಮಂತ್ರಿಯಾದ ಲಾರ್ಡ್ ಸಿಡ್ಮತ್ತನು, ಇಂಥ ದಯೆಯಿಂದ ದಂಡನೆಯ ಭಯವೇ ಅಳಿದುಹೋಗುವುದೆಂದು ಸಿಟ್ಟಾದನು. ಆ ಮಾತಿನಲ್ಲಿ ಹುರುಳೇ ಇಲ್ಲವೆಂದು ನಾವು ಹೇಳಲಾರೆವು. ಜನರ ಸೊತ್ತನ್ನು ಕಾಯಬೇಕಾದವನು ಹಾಗೆ ಯೋಚಿಸುವುದು ಸಹಜವೇ. ಎಲಿಜಬೆತಳು ತಾನೇ ಆತನ ಕಚೇರಿಗೆ ಹೋಗಿ ಮಾತಾಡಿದರೂ ಮನಸ್ಸು ಕರಗಲಿಲ್ಲ. ಹ್ಯಾರಿಯಟಳನ್ನು ಗಲ್ಲಿಗೇರಿಸಿದರು. ಸರಕಾರದವರ ಕೃಪೆಯೂ ಎಲಿಜಬೆತಳಿಗೆ ತಪ್ಪಿತು. ಸೆರೆಯ ಕೆಲಸಕ್ಕೆ ಅದು ಎಷ್ಟು ಬೇಕಾಗಿತ್ತೆಂದು ಆಕೆಯು ಬಲ್ಲಳು. ಖೋಟಾ ಅಪರಾಧಕ್ಕೆ ಮರಣದಂಡನೆಯು ಸಂಪೂರ್ಣವಾಗಿ ನಿಂತದ್ದು 1837ರಲ್ಲಿ.

ಹತ್ತು ವರುಷಗಳ ಮೇಲೆ ಅಪಮಾನವು ಆಕೆಯ ಸ್ವಂತ ಮನೆಗೇ ಬಂತು. 1828ರಲ್ಲಿ ಗಂಡನ ಬ್ಯಾಂಕು ದಿವಾಳಿಯಾಯಿತು. ಸ್ನೇಹಿತರೆಂಬ ಹೆಸರುಳ್ಳ ಪಂಗಡದವರು ಜೋಸೆಫನನ್ನು ತಮ್ಮ ಸಂಘದಿಂದ ತೆಗೆದುಹಾಕಿದರು. ಹಳ್ಳಿಯ ದೊಡ್ಡ ಮನೆಯನ್ನು ಬಿಟ್ಟು ಚಿಕ್ಕ ಮನೆಗೆ ಹೋಗಬೇಕಾಯಿತು. ಜನರು ಹಿಂದಿನಿಂದ ಆಡುವ ಮಾತು ಹೇಗಿರುತ್ತದೆಂಬುದು ಆಗ ಆಕೆಗೆ ಚೆನ್ನಾಗಿ ತಿಳಿದುಬಂತು.

ದೇಶಾಂತರ ಶಿಕ್ಷೆ ಹೊಂದಿ ಆಸ್ಟ್ರೇಲಿಯಕ್ಕೆ ಹೋಗುವ ಹೆಂಗಸರನ್ನು ಹಿಂದೆ ತೆರೆದ ಬಂಡಿಗಳಲ್ಲಿ, ಬೇಡಿ ಹಾಕಿ, ಜನರ ಕೂಗಾಟದ ನಡುವೆ ರೇವಿಗೆ ಒಯ್ಯುತ್ತಿದ್ದರು. ಎಲಿಜಬೆತಳು 1818ರಲ್ಲಿಯೇ ಅಧಿಕಾರಿಗಳನ್ನು ಬೇಡಿಕೊಂಡು ಮುಚ್ಚಿದ ಗಾಡಿಗಳನ್ನು ತರಿಸಿ, ತಾನೂ ಸಂಗಡ ಹೋಗಿದ್ದಳು. ಅಂದಿನಿಂದ ಇಪ್ಪತ್ತು ವರುಷಕ್ಕೂ ಮಿಕ್ಕಿ, ನೂರಕ್ಕೂ ಹೆಚ್ಚು ಹಡಗುಗಳಿಗೆ ಆಕೆಯೂ ಆಕೆಯ ಸಂಗಡಿಗರೂ ಹೋದರು. ಪ್ರತಿಯೊಬ್ಬಳ ಕೈಯಲ್ಲಿ ಒಂದು ಚೀಲ: ಅದರಲ್ಲಿ ಸೂಜಿ, ನೂಲು, ಕತ್ತರಿ, ಬಟ್ಟೆಯ ಚೂರುಗಳು. ತಿಂಗಳುಗಟ್ಟಲೆಯ ಪ್ರಯಾಣದಲ್ಲಿ ಕೌದಿ ಹೊಲಿದು, ಇಳಿದ ದೇಶದಲ್ಲಿ ಅದನ್ನು ಮಾರಿ ನಾಲ್ಕು ಕಾಸು ಮಾಡಿಕೊಳ್ಳಲೆಂದು ಹೀಗೆ ಕೊಡುತ್ತಿದ್ದರು.

1845ನೆಯ ಅಕ್ಟೋಬರ್ 12ರಂದು ರ‍್ಯಾಮ್ಸ್‌ಗೇಟ್ ಎಂಬ ಕಡಲೂರಿನಲ್ಲಿ ಆಕೆಯು ನಿದ್ರೆಹೋದಳು. ಬಾರ್ಕಿಂಗಿನಲ್ಲಿ, ಸ್ನೇಹಿತರ ಪಂಗಡದ ಸ್ಮಶಾನದಲ್ಲಿ ಆಕೆಯನ್ನು ಸಮಾಧಿ ಮಾಡಿದರು.